ಮರದ ಹೊಟ್ಟು

ನಮ್ಮ ಸಾಮಿಲ್ಲಿನಲ್ಲಿ ಕಾಡು ಮೊದಲು ಮೂಗಿಗೆ ಬರುತ್ತದೆ,
ಆಮೇಲೆ ನನ್ನ ಟೇಪಿಗೆ.
ಪೈನು ಸೀಳಿದರೆ ನಿಂಬೆಹಣ್ಣು ಹಿಂಡಿದ ಹಾಗೆ,
ಘಾನಾದ ತೇಗಕ್ಕೆ ಹಳೇ ಚಪ್ಪಲಿಯ ವಾಸನೆ,
ಮಲೇಷ್ಯಾದ ದಿಮ್ಮಿಗೆ ಏನೂ ಇಲ್ಲ, ಬರೀ ಹಡಗಿನ ತಳದ ಉಪ್ಪು.
ಹೊನ್ನೆಯದು ಮರೆತಿದ್ದೇನೆ.
ಸುಳ್ಳು. ಮರೆತಿಲ್ಲ:
ಕೈ ತೊಳೆದ ನೀರಿಗೆ ಚಹಾದ ಬಣ್ಣ,
ಬೊಗಸೆಯನ್ನು ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ತೆಳ್ಳಗೆ ನೀಲಿ.

ಗಲ್ಲಾದ ಹಿಂದೆ ಅಳತೆ ಪುಸ್ತಕಗಳ ಅಟ್ಟಿ.
ಎಲ್ಲಕ್ಕಿಂತ ಕೆಳಗಿನದು ರತನ್‌ಸಿ ಪಟೇಲರ ಅಪ್ಪನ ಕಾಲದ್ದು,
ಗುಜರಾತಿ ಅಂಕಿ, ಕನ್ನಡದ ಮರ.
ಜಗಳೂರು ಕಮರ, ಜೋಗಿಮಟ್ಟಿ ದಿಂಡಿಗ, ಚನ್ನಗಿರಿ ಮತ್ತಿ,
ಊರೂ ಮರವೂ ಒಂದೇ ಉಸಿರಿನಲ್ಲಿ
ಮನೆತನದ ಹೆಸರಿನಂತೆ.
ನಡುವಿನ ಪುಸ್ತಕಗಳಲ್ಲಿ ಸುತ್ತಳತೆ ಇಳಿಯುತ್ತಾ ಬರುತ್ತದೆ:
ಆರಡಿ, ನಾಲ್ಕಡಿ, ಎರಡೂಕಾಲು,
ಆಮೇಲೆ ನೀಲಗಿರಿ, ನೀಲಗಿರಿ, ನೀಲಗಿರಿ,
ಬರೆಯುವವನಿಗೇ ಬೇಸರವಾಗಿ
ಪುಟದ ಕೊನೆತನಕ 'ಸದರಿ, ಸದರಿ' ಎಂದು ಹಾಕಿದ್ದಾನೆ.
ಮೇಲಿನದು ನನ್ನದು.
ಅದರಲ್ಲಿ ಮರಕ್ಕೆ ಊರಿಲ್ಲ.
ಕಂಟೇನರ್ ನಂಬರ್ ಇದೆ, ಮಂಗಳೂರು ಬಂದರಿನ ತಾರೀಖು ಇದೆ.

ನನ್ನೇಸಾಬರಿಗೆ ಕಣ್ಣಿಗಿಂತ ಕಿವಿ ಮುಂದು.
ಅಣಜಿ ಕಡೆಯ ಹುಣಸೆ ಕೊಯ್ಯುವಾಗ ಬ್ಲೇಡು ಕಿರುಚಿತ್ತು;
ತಿರುಳಿನಲ್ಲಿ ಗೇಣುದ್ದದ ಮೊಳೆ.
ಯಾರದೋ ಮೈಮೇಲಿಂದ ಇಳಿಸಿದ ದೆವ್ವವನ್ನು
ಯಾರೋ ಅಲ್ಲಿ ಕಟ್ಟಿ ಹೋಗಿದ್ದರು,
ಮರ ಸುಮ್ಮನೆ ನುಂಗಿಕೊಂಡು ಬೆಳೆದಿತ್ತು.
ಹೋದ ವರ್ಷ ಜರ್ಮನಿಯ ಬಿಳಿ ದಿಮ್ಮಿಯಲ್ಲೂ ಅದೇ ಕಿರುಚು,
ಮೂರು ಹಲ್ಲು ಹಾರಿದವು.
ತೆಗೆದು ನೋಡಿದರೆ ಯಾವ ಯುದ್ಧದ್ದೋ ಗುಂಡಿನ ಚೂರು.
ಒರೆಸಿ, ಗೂಡಿನಲ್ಲಿ ಮೊಳೆಯ ಪಕ್ಕಕ್ಕೇ ಇಟ್ಟರು:
"ಅವರ ದೆವ್ವಾನೂ ಮರಕ್ಕೇ ಹೊಡ್ದಾರೆ, ನೋಡು."

ಹೊಟ್ಟು ತುಂಬಲು ಬರುವ ಕೊಟ್ರಮ್ಮನ ಮಗ ಹಾಲೇಶ
ಮೊನ್ನೆ ಚಾರ್ಟ್ ಪೇಪರ್ ಸುತ್ತಿಕೊಂಡು ಬಂದ.
ಸ್ಕೂಲಿನಲ್ಲಿ ಜಗತ್ತಿನ ಕಾಡು ಬರೆಯಲು ಕೊಟ್ಟಿದ್ದಾರೆ:
ಖಂಡಕ್ಕೊಂದು ಕಂಬ, ಮೂವತ್ತು ವರ್ಷದ ಹಿಂದೆ, ಈಗ.
"ಆಫ್ರಿಕದಾಗೆ ಇಳಿದೇತಿ, ಯುರೋಪಿನಾಗೆ ಏರೇತಿ.
ಯಾಕಣ್ಣ, ಅವರು ಮನೆ ಕಟ್ಟೋದು ಬಿಟ್ರಾ?"

ನಾನು ಪೆನ್ಸಿಲ್ಲಿನ ಮೊನೆ ನೋಡುತ್ತಾ ಕೂತೆ.
ಸಿಲಿಂಡರ್ ಬಂದಮೇಲೆ ನಮ್ಮ ಗುಡ್ಡಕ್ಕೂ ಯಾರೂ ಕೊಡಲಿ ಒಯ್ಯುವುದಿಲ್ಲ.
ರಂಗಯ್ಯನದುರ್ಗದ ಕಡೆ ಕೊಂಡುಕುರಿ
ಸಂಜೆ ಹೊತ್ತು ಪೊದೆಯಿಂದ ತಲೆ ಹಾಕುತ್ತದಂತೆ.
ಮೇಲಿನಿಂದ ನೋಡಿದವರಿಗೆ ಅಲ್ಲಿ ಹಸಿರು ಕಂಡೀತು.
ಜಾಲಿಯೂ ಹಸಿರೇ, ಲಂಟಾನವೂ ಹಸಿರೇ,
ಹಾಲೇಶನ ಡಬ್ಬಿಯಲ್ಲಿ ಇರುವ ಹಸಿರು ಒಂದೇ.
ಆದರೆ ಈ ಗರಗಸ,
ಅಮಾವಾಸ್ಯೆ ಬಿಟ್ಟರೆ ಒಂದು ದಿನ ನಿಂತದ್ದನ್ನು
ನಾನು ಕಂಡಿಲ್ಲ.

ಅಂಟಿಸಿಕೊಳ್ಳಲು ಬಿಲ್ಲೆ ಕೊಯ್ದು ಕೊಟ್ಟೆವು.
ಘಾನಾದ ಬಿಲ್ಲೆಯಲ್ಲಿ ಹತ್ತೊಂಬತ್ತು ಉಂಗುರ,
ನನ್ನ ಮದುವೆಗಿಂತ ಎಳೆಯ ಮರ.
ಪೈನಿನದು ಅಗಲಗಲ, ಉಂಡುಟ್ಟು ಬೆಳೆದ ಮೈ.
"ನಮ್ಮ ಜಗಳೂರಿಂದು?"
ಹುಡುಗ ಕೇಳಿದ.
ನನ್ನೇಸಾಬರು ಬೆಂಚಿನ ಕೆಳಗಿಂದ ಕೊಡತಿ ಎಳೆದರು,
ಅವರಪ್ಪನ ಕೈಯಲ್ಲಿ ನುಣುಪಾದ ಕಮರ,
ಬಾವಿಗೆ ಬಿದ್ದರೆ ತೇಲದೆ ತಳ ಸೇರುವ ಜಾತಿ.
"ಕೊಯ್ಯಲ್ಲ. ಎತ್ತಿ ನೋಡು, ಸಾಕು."
ಒಂದು ಕೈ ಸಾಲದೆ ಹಾಲೇಶ ಎರಡನ್ನೂ ಹಾಕಿದ.
ಚಾರ್ಟಿನಲ್ಲಿ ಆ ಜಾಗ ಖಾಲಿ ಬಿಟ್ಟ.

ಸಂಜೆ ಎಲ್ಲ ಖಂಡಗಳ ಹೊಟ್ಟನ್ನೂ
ಕೊಟ್ರಮ್ಮ ಒಂದೇ ಗೋಣಿಗೆ ತುಳಿದು ತುಂಬಿದಳು.
ಭಟ್ಟಿಯ ಸಾಲಿನಲ್ಲಿ ಅದಕ್ಕೆ ಕಾಯುತ್ತಿರುತ್ತಾರೆ:
ಬೆಂಕಿ, ಮರಳು, ಅಕ್ಕಿ, ಚಟಪಟ,
ನ್ಯೂಜಿಲೆಂಡಿನ ಯಾವುದೋ ಇಳಿಜಾರು
ನಮ್ಮೂರ ಮಂಡಕ್ಕಿಯಾಗಿ ಅರಳುತ್ತದೆ.
ಮನೆಗೆ ಹೋಗುತ್ತಾ ನಾನೊಂದು ಪೊಟ್ಟಣ ಕಟ್ಟಿಸಿಕೊಂಡೆ.
ಬಿಸಿ ಇತ್ತು.
ಕೈಯಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು
ಹಗುರ.